ಕಟ್ ಹೇಳೋರು ಯಾರು?

ಈ ವಾರ ಹೀರೋ ಇಲ್ಲ, ಹೀರೋಯಿನ್ ಇಲ್ಲ, ಗಾಂಧಿನಗರದ ಗುಸುಗುಸು ಅಂತೂ ಮೊದಲೇ ಇಲ್ಲ. ಹಾಗಂತ ಪುಟ ತಿರುಗಿಸಿಬಿಡಬೇಡಿ, ಸ್ವಲ್ಪ ತಾಳಿ! ನಿಮ್ಮ ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ ತಾನೆ? ಕಂಡಕ್ಟರ್ ಸಾಹೇಬರು ಇನ್ನೂ ಟೀ ಅಂಗಡಿ ಮುಂದೆ ನಿಂತಿದ್ದಾರೆ. ಅವರು ಸೀಟಿ ಊದೋದರೊಳಗೆ ನನ್ನ ಮಾತು ಮುಗಿಯುತ್ತೆ.

ವಿಷಯ ಏನಪ್ಪಾ ಅಂದರೆ, ನನ್ನ ಅಕ್ಕನ ಮಗ ಡೈರೆಕ್ಟರ್ ಆಗಿಬಿಟ್ಟಿದ್ದಾನೆ!

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಕಾಲೇಜು ಹಬ್ಬಕ್ಕೆ ಒಂದು ಹಾಡಿನ ವಿಡಿಯೋ ಮಾಡಬೇಕಂತೆ. ಒಬ್ಬ ಗೆಳೆಯ ಹಾಡು ಬರೆದ, ಇನ್ನೊಬ್ಬ ರಾಗ ಹಾಕಿದ, ಮೂರನೆಯವನು ಕನ್ನಡಿ ಮುಂದೆ ನಿಂತು ‘ನಾನೇ ಹೀರೋ’ ಅಂದ. ಹಾಡು ನಾಲ್ಕು ನಿಮಿಷ. ಕ್ಯಾಮೆರಾ ಒಂದು ದಿನದ ಬಾಡಿಗೆಗೆ. ದುಡ್ಡು ಎಲ್ಲರ ಜೇಬಿನಿಂದ ಚಂದಾ ಎತ್ತಿದ್ದು. ಹಿಂದಿನ ರಾತ್ರಿ ನನಗೆ ಫೋನು.

“ಮಾಮ, ನೀನು ಬಂದು ಸುಮ್ನೆ ಒಂದು ಕಡೆ ಕೂತ್ಕೊ ಸಾಕು. ಇಂಡಸ್ಟ್ರಿಯವರು ಒಬ್ಬರಿದ್ದಾರೆ ಅಂದ್ರೆ ಹುಡುಗರಿಗೆ ಒಂದು ಧೈರ್ಯ.”

ಇಂಡಸ್ಟ್ರಿಯವರು! ಎದೆ ಎರಡಿಂಚು ಉಬ್ಬಿತು ಅಂತ ಒಪ್ಪಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನಾನು ಇಂಡಸ್ಟ್ರಿಯಲ್ಲಿ ಮಾಡಿದ್ದು ಮೂರೇ ಕೆಲಸ. ರಿಫ್ಲೆಕ್ಟರ್ ಹಿಡಿದದ್ದು, ಕ್ಲ್ಯಾಪ್ ಹೊಡೆದದ್ದು, ಬೈಗುಳ ತಿಂದದ್ದು. ಆಮೇಲೆ ಪೆನ್ನು ಹಿಡಿದು ನಿಮ್ಮ ತಲೆ ತಿನ್ನಲು ಶುರು ಮಾಡಿದೆ.

ಬೆಳಿಗ್ಗೆ ಆರಕ್ಕೆ ಲೊಕೇಶನ್. ಶ್ರೀರಂಗಪಟ್ಟಣದ ಆಚೆ, ಕಾವೇರಿಗೆ ಅಡ್ಡಲಾಗಿ ಒಂದು ಹಳೇ ಕಟ್ಟೆ. ಕಟ್ಟೆಯ ಮೇಲೆ ಗಾಜು ಹಾಸಿದ ಹಾಗೆ ತೆಳುವಾಗಿ ನೀರು ಹರೀತಾ ಇದೆ, ಕೆಳಗೆ ಕಪ್ಪು ಬಂಡೆ, ಆ ಕಡೆ ಎಳೆ ಬಿಸಿಲು. ಅಬ್ಬಾ, ಲೊಕೇಶನ್ ಅಂದರೆ ಅದು! ಹುಡುಗರ ಕಣ್ಣಿಗೆ ಮೆಚ್ಚಲೇಬೇಕು.

ಮೊದಲ ಶಾಟ್. ಹೀರೋ ಹೊಸ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಹಾಡುತ್ತಾ ಬರಬೇಕು. ಕ್ಯಾಮೆರಾ ಹುಡುಗ ಅವನ ಎದುರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಬೇಕು, ಕಣ್ಣೆಲ್ಲ ಆ ಪುಟ್ಟ ಪರದೆಯ ಮೇಲೆ. ದಡದಲ್ಲಿ ಸ್ಪೀಕರ್, ಅದರಲ್ಲಿ ಹಾಡು ಕಿವಿ ಹರಿದುಹೋಗೋ ಹಾಗೆ. ನನ್ನ ಅಳಿಯ ಕೈ ಎತ್ತಿದ: “ರೋಲಿಂಗ್...”

ನನ್ನ ಹೊಟ್ಟೆಯೊಳಗೆ ಏನೋ ಜಾರಿತು. ಕಟ್ಟೆಯ ಮೇಲೆ ಪಾಚಿ. ಹಿಂದಕ್ಕೆ ನಡೆಯೋ ಹುಡುಗನ ಬೆನ್ನಿಗೆ ಯಾರೂ ಇಲ್ಲ. ಯಾರಾದರೂ ಕೂಗಿದರೂ ಆ ಹಾಡಿನಲ್ಲಿ ಯಾರಿಗೂ ಕೇಳಿಸೋದಿಲ್ಲ. ಈ ದೃಶ್ಯ ನಾನು ಒಂದು ಸಲ ನೋಡಿದ್ದೆ.

* * *

ಎಂಬತ್ತರ ದಶಕ. ರಾಮನಗರದ ಬಂಡೆಗಳ ಮೇಲೆ ಒಂದು ಹಾಡಿನ ಚಿತ್ರೀಕರಣ. ಯಾವ ಸಿನಿಮಾ, ಯಾರ ಬ್ಯಾನರ್ ಅಂತ ಕೇಳಬೇಡಿ, ಹೇಳೋದಿಲ್ಲ. ಹೊತ್ತು ಮುಳುಗುತ್ತಿತ್ತು. “ಬೆಳಕು ಹೋಗ್ತಾ ಇದೆ, ಬೇಗ ಬೇಗ!” ಅಂತ ಕೂಗಾಟ. ಕ್ಯಾಮೆರಾಮನ್ನರು ಭಾರದ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಹಿಂದಕ್ಕೆ ನಡೆಯುತ್ತಿದ್ದರು. ಅವರ ಸೊಂಟದ ಬೆಲ್ಟು ಹಿಡಿದು ದಾರಿ ತೋರಿಸುತ್ತಿದ್ದವನು ಅವರ ಅಸಿಸ್ಟೆಂಟ್, ನನ್ನ ರೂಮ್‌ಮೇಟ್. ಒಂದೇ ಚಾಪೆಯಲ್ಲಿ ಮಲಗಿದವರು ನಾವು.

ಕ್ಯಾಮೆರಾಮನ್ನರ ಬೆನ್ನು ಕಾಯೋನು ಅವನು. ಅವನ ಬೆನ್ನು ಕಾಯೋರು ಯಾರೂ ಇರಲಿಲ್ಲ.

ನಾನು ಪಕ್ಕದಲ್ಲಿ ರಿಫ್ಲೆಕ್ಟರ್ ಹಿಡಿದು ನಿಂತಿದ್ದೆ. ಅವನ ಹಿಂದೆ ಬಂಡೆ ಮುಗಿಯೋಕೆ ಎರಡೇ ಹೆಜ್ಜೆ ಅನ್ನೋದು ನನಗೆ ಕಾಣಿಸಿತು. ಸ್ಪಷ್ಟವಾಗಿ ಕಾಣಿಸಿತು. ಕೂಗಬೇಕು ಅಂದುಕೊಂಡೆ. ಆದರೆ ಕೂಗಿದರೆ ಶಾಟ್ ಹಾಳು, ಫಿಲ್ಮ್ ಹಾಳು, ನನ್ನ ಕೆಲಸ ಹಾಳು. “ನಿನ್ಯಾರೋ ಕಟ್ ಹೇಳೋಕೆ?” ಅಂತ ಕೇಳಿದರೆ ಏನು ಹೇಳೋದು? ಬಾಯಿ ಬರಲಿಲ್ಲ.

ಒಂದಾಳೂವರೆ ಎತ್ತರದಿಂದ ಬಿದ್ದ. ಸೊಂಟದ ಮೂಳೆ ಮುರಿಯಿತು. ಬೀಳುವಾಗ ಬೆಲ್ಟು ಬಿಟ್ಟಿದ್ದ ಪುಣ್ಯಾತ್ಮ, ಅದಕ್ಕೇ ಕ್ಯಾಮೆರಾಮನ್ನರು ಉಳಿದರು. ಸಿನಿಮಾ ಬಿಡುಗಡೆಯಾದಾಗ ಆ ಶಾಟ್ ಹುಡುಕಿಕೊಂಡು ಹೋಗಿ ನೋಡಿದೆ. ನಾಲ್ಕು ಸೆಕೆಂಡು ಇತ್ತು, ಸ್ವಾಮಿ. ನಾಲ್ಕೇ ಸೆಕೆಂಡು!

ಅವನು ಮತ್ತೆ ಸಿನಿಮಾ ಕೆಲಸಕ್ಕೆ ಬರಲಿಲ್ಲ. ಈಗ ತನ್ನೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಊರುಗೋಲು ಹಿಡಿದು ಓಡಾಡುತ್ತಾನೆ. ಹೋದಾಗಲೆಲ್ಲ ಟೀ ತರಿಸುತ್ತಾನೆ. ‘ನೀನು ನೋಡಿದ್ಯಾ?’ ಅಂತ ಅವನು ಕೇಳಿಲ್ಲ. ನಾನೂ ಹೇಳಿಲ್ಲ.

* * *

ಕಾವೇರಿ ದಡಕ್ಕೆ ವಾಪಸ್ಸು ಬರೋಣ. ಈ ಸಲ ಬಾಯಿ ಬಂತು. “ಕಟ್!” ಅಂತ ಅರಚಿದೆ. ಯಾರಿಗೂ ಕೇಳಿಸಲಿಲ್ಲ! ಓಡಿ ಹೋಗಿ ಸ್ಪೀಕರಿನ ಕತ್ತು ಹಿಸುಕಿದೆ. ಎಲ್ಲರೂ ತಿರುಗಿ ನೋಡಿದರು. ನನ್ನ ಅಳಿಯನ ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದವನ ಹಾಗೆ.

“ಏನ್ ಮಾಮ, ಬೆಳಕು ಹೋಗ್ತಾ ಇದೆ!”

ನೋಡಿದಿರಾ? ಮುಂಜಾನೆ ಆರೂವರೆಗೇ ಬೆಳಕು ಹೋಗ್ತಾ ಇದೆಯಂತೆ! ಡೈರೆಕ್ಟರುಗಳ ಜಾತಿಯೇ ಒಂದು.

ಹುಡುಗರನ್ನೆಲ್ಲ ಸುತ್ತ ಕೂರಿಸಿ ಇಡ್ಲಿ ಪೊಟ್ಟಣ ಬಿಚ್ಚಿಸಿದೆ. ನನ್ನ ರೂಮ್‌ಮೇಟ್ ಕಥೆ ಹೇಳಲಿಲ್ಲ, ಗಂಟಲು ಬಿಗೀತಿತ್ತು. ಲೋಕಕ್ಕೆಲ್ಲ ಗೊತ್ತಿರೋ ಕಥೆಗಳನ್ನೇ ಹೇಳಿದೆ.

2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ದುನಿಯಾ ವಿಜಯ್ ಬದುಕಿ ದಡ ಸೇರಿದರು. ಖಳನಟರಾದ ಅನಿಲ್ ಮತ್ತು ಉದಯ್ ಸೇರಲಿಲ್ಲ. ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಈಜು ಅಷ್ಟಾಗಿ ಬಾರದು ಅಂತ ಹಾರುವ ಮೊದಲು ಟಿವಿಯವರ ಮುಂದೆ ಅವರೇ ಹೇಳಿಕೊಂಡಿದ್ದರು. ಕಟ್ಟುಮಸ್ತಾದ ಆಳುಗಳು, ಜಿಮ್ಮಿನಲ್ಲಿ ಬೆಳೆಸಿದ ಮೈ. ನೀರು ಯಾರ ಮೈಕಟ್ಟನ್ನೂ ನೋಡೋದಿಲ್ಲ ತಮ್ಮಂದಿರೇ. ಅಷ್ಟು ಜನ ಸುತ್ತ ನಿಂತಿದ್ದರು, ಅಷ್ಟು ಕ್ಯಾಮೆರಾ ಇದ್ದವು. ಬೇಡ ಅಂತ ನಿಲ್ಲಿಸಿದವರು ಯಾರೂ ಇರಲಿಲ್ಲ.

ಇನ್ನೊಂದು, ದೂರದ ಅಮೆರಿಕದ್ದು. 2014ರ ಫೆಬ್ರವರಿ 20. ಜಾರ್ಜಿಯಾ ರಾಜ್ಯದಲ್ಲಿ ನದಿಯ ಮೇಲಿನ ರೈಲು ಸೇತುವೆ. ‘ಮಿಡ್‌ನೈಟ್ ರೈಡರ್’ ಅನ್ನೋ ಚಿತ್ರಕ್ಕೆ ಹಳಿಯ ಮೇಲೆ ಮಂಚ ಇಟ್ಟು ಕನಸಿನ ದೃಶ್ಯ ತೆಗೀತಾ ಇದ್ದರು. ಎರಡು ರೈಲು ಹೋಗೋದನ್ನ ಕಾದು ನೋಡಿ, ಇನ್ನು ಬರೋದಿಲ್ಲ ಅಂದುಕೊಂಡರು. ಬಂದರೂ ಓಡೋಕೆ ಅರವತ್ತು ಸೆಕೆಂಡು ಸಿಗುತ್ತೆ ಅಂತ ಲೆಕ್ಕ. ಮೂರನೆಯ ರೈಲು ಬಂತು. ಸಾರಾ ಜೋನ್ಸ್ ಅನ್ನೋ ಇಪ್ಪತ್ತೇಳು ವರ್ಷದ ಕ್ಯಾಮೆರಾ ಅಸಿಸ್ಟೆಂಟ್ ತೀರಿಕೊಂಡಳು. ಹಳಿಯ ಮೇಲೆ ಹೋಗಲು ರೈಲು ಕಂಪನಿ ಅನುಮತಿಯನ್ನೇ ಕೊಟ್ಟಿರಲಿಲ್ಲ! 2015ರಲ್ಲಿ ನಿರ್ದೇಶಕ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ.

ಇದನ್ನು ಕೇಳಿದ ಹೀರೋ ಮುಖ ಕೆಳಗೆ ಹಾಕಿದ. ಯಾಕೆ ಅಂದರೆ ಮಧ್ಯಾಹ್ನದ ಶಾಟ್ ರೈಲು ಹಳಿಯ ಮೇಲೆ ಇತ್ತಂತೆ! ಹಾಡಿನಲ್ಲಿ ವಿರಹ ಬಂದ ಕೂಡಲೇ ನಮ್ಮ ಹುಡುಗರಿಗೆ ರೈಲು ಹಳಿ ನೆನಪಾಗೋದು ಯಾಕೋ ನಾ ಕಾಣೆ. ಕಾಗದ ಪೆನ್ಸಿಲ್ ತೆಗೆಸಿ ಲೆಕ್ಕ ಮಾಡಿಸಿದೆ, ಎಂಜಿನಿಯರುಗಳಲ್ಲವೆ! ಗಂಟೆಗೆ 100 ಕಿಲೋಮೀಟರ್ ಓಡೋ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತೆ. ಹತ್ತು ಸೆಕೆಂಡಿಗೆ 280 ಮೀಟರ್. ಡ್ರೈವರ್ ಬ್ರೇಕ್ ಹಾಕಿದರೂ ಬಸ್ಸಿನ ಹಾಗೆ ನಿಲ್ಲೋದಿಲ್ಲ, ನೂರಾರು ಮೀಟರ್ ಬಂದೇ ಬರುತ್ತೆ. ಪಕ್ಕದಲ್ಲಿ ಸ್ಪೀಕರ್ ಅರಚುತ್ತಿದ್ದರೆ ಹಾರನ್ ಕೇಳಿಸೋದು ಯಾರಿಗೆ? ವಿದ್ಯುತ್ ಹಾಕಿದ ಮಾರ್ಗದಲ್ಲಿ ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಇಷ್ಟು ಸಾಲದು ಅಂದರೆ 1989ರ ರೈಲ್ವೆ ಕಾಯಿದೆಯ 147ನೇ ಕಲಮು ಇದೆ. ಅಪ್ಪಣೆಯಿಲ್ಲದೆ ಹಳಿ ತುಳಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. ರೈಲಿನ ಶಾಟ್ ಅಲ್ಲೇ ಕ್ಯಾನ್ಸಲ್!

ತಂತಿ ಅಂದಾಗ ನೆನಪಾಯಿತು. 2021ರ ಆಗಸ್ಟ್ 9ರಂದು ಬಿಡದಿ ಹತ್ತಿರ ಒಂದು ಕನ್ನಡ ಚಿತ್ರದ ಫೈಟಿಂಗ್ ದೃಶ್ಯದಲ್ಲಿ ಹೈಟೆನ್ಷನ್ ತಂತಿಯ ಕರೆಂಟು ಹೊಡೆದು ಯುವ ಸಾಹಸ ಕಲಾವಿದನೊಬ್ಬ ಸತ್ತ. ಲೊಕೇಶನ್ನಿಗೆ ಹೋದ ಕೂಡಲೇ ನಾವೆಲ್ಲ ಮಾಡೋದೇನು? ಎರಡು ಕೈಯಲ್ಲಿ ಚೌಕ ಮಾಡಿ ಫ್ರೇಮ್ ನೋಡೋದು. ಅದಕ್ಕೂ ಮೊದಲು ತಲೆ ಎತ್ತಿ ಆಕಾಶ ನೋಡಿ. ಕ್ರೇನು, ಅಲ್ಯೂಮಿನಿಯಂ ಕಂಬ, ಕಬ್ಬಿಣದ ಏಣಿ ಯಾವುದೂ ತಂತಿಯ ಹತ್ತಿರ ಸುಳಿಯಬಾರದು. ಡ್ರೋನ್ ಹಾರಿಸೋ ಶೂರರಿಗೂ ಇದೇ ಮಾತು. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಮಿನೊಳಗಿನ ಪುಟಾಣಿ ಡ್ರೋನಿಗೆ ಪೈಲಟ್ ಲೈಸೆನ್ಸ್ ಬೇಡ, ನಿಜ. ಹಾಗಂತ ಕೆಂಪು ವಲಯದಲ್ಲಿ ಯಾವ ಡ್ರೋನೂ ಅನುಮತಿಯಿಲ್ಲದೆ ಹಾರೋ ಹಾಗಿಲ್ಲ. ಜನರ ತಲೆ ಮೇಲಂತೂ ಬೇಡವೇ ಬೇಡ.

ಹೀರೋ ಬ್ಯಾಗಿನಿಂದ ಇನ್ನೊಂದು ಐಟಂ ಹೊರಗೆ ಬಂತು. ಲಾಂಗು! ಎಲ್ಲಿಂದಲೋ ತಂದ ನಿಜವಾದ ಕಬ್ಬಿಣದ ಲಾಂಗು. ಪ್ರೇಮಗೀತೆಗೆ ಲಾಂಗ್ ಯಾಕಪ್ಪಾ ಅಂದರೆ “ಮಾಸ್ ಇರಲಿ ಸಾರ್” ಅಂದ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಲಾಂಗ್ ಹಿಡಿದು ರೀಲ್ ಮಾಡಿದ ಇಬ್ಬರನ್ನು ಪೊಲೀಸರು ಒಳಗೆ ಹಾಕಿದ್ದು ಮರೆತೆಯಾ ಅಂದೆ. ಸಿನಿಮಾದವರು ರಟ್ಟು, ರಬ್ಬರು, ಮರದ್ದಕ್ಕೆ ಬೆಳ್ಳಿ ಬಣ್ಣ ಬಳಿದು ಕೊಡೋದು ಬಡತನದಿಂದ ಅಲ್ಲ ಮಾರಾಯ, ಬುದ್ಧಿಯಿಂದ! ಲಾಂಗು ಕಾರಿನ ಡಿಕ್ಕಿಗೆ ಹೋಯಿತು.

ಬೆಂಕಿಯ ಬಗ್ಗೆ ಒಂದೇ ಮಾತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಹತ್ತಿ 62 ಜನ ಸತ್ತರು. ಅದೇ ಮೈಸೂರಿನ ಹುಡುಗರು ನೀವು. ಬಣ್ಣದ ಹೊಗೆ, ಪಟಾಕಿ, ಸೀಮೆಎಣ್ಣೆ ಪಂಜು ಏನೇ ಹಚ್ಚೋ ಮೊದಲು ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು ಪಕ್ಕಕ್ಕಿರಲಿ. ಓಡೋ ದಾರಿ ತೆರೆದಿರಲಿ. ನೈಲಾನ್ ಬಟ್ಟೆ ಹಾಕಿದವರು ದೂರ ಇರಲಿ.

* * *

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಅಳಿಯ ಕೈ ಮುಗಿದ. “ಹಾಗಾದ್ರೆ ಮನೆಗೆ ಹೋಗಿ ಮಲಗೋಣ ಬಿಡು ಮಾಮ!”

ಅಯ್ಯೋ ಪೆದ್ದೇ, ಶೂಟಿಂಗ್ ಬೇಡ ಅಂತ ಯಾರು ಹೇಳಿದರು? ಮಾಡೋ ರೀತಿ ಬೇರೆ ಅಷ್ಟೆ.

ಮೊದಲ ಕೆಲಸ, ಆ ನೀರು ಬಲ್ಲವರನ್ನು ಕೇಳಿದ್ದು. ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜ ಹರಿಗೋಲು ಮಗುಚಿ ಹಾಕಿ ಬಲೆ ಹೊಲೀತಾ ಕೂತಿದ್ದ. ಅವನು ಕಟ್ಟೆ ಕಡೆ ನೋಡಿ ನಕ್ಕ. “ಅದರ ಮ್ಯಾಲೆ ನಾನೇ ಬೂಟು ಹಾಕ್ಕಂಡು ನಡಿಯಾಕಿಲ್ಲ ಸ್ವಾಮಿ. ಮ್ಯಾಲೆ ಅಣೇಲಿ ನೀರು ಬಿಟ್ರೆ ಇಲ್ಲಿಗೆ ಸದ್ದಿಲ್ದೆ ಬತ್ತದೆ” ಅಂದ. ಹೀರೋ ನಿಲ್ಲಬಹುದಾದ ಜಾಗ ತೋರಿಸಿದ. ದಡಕ್ಕೆ ಅಂಟಿದ ಹಾಸುಬಂಡೆ, ಒಣಗಿದ್ದು. ಅದರ ಮುಂದೆ ಪಾದ ಮುಳುಗುವಷ್ಟೇ ನೀರು. ಕ್ಯಾಮೆರಾ ಕೆಳಗಿಟ್ಟು ನೋಡಿದರೆ ಹೊಳೆಯ ನಡುವೆ ನಿಂತ ಹಾಗೇ ಕಾಣುತ್ತೆ! ಅಪಾಯ ತೋರಿಸೋದು ಕ್ಯಾಮೆರಾದ ಕೆಲಸ. ಅಪಾಯದಲ್ಲಿ ನಿಲ್ಲೋದು ಹೀರೋ ಕೆಲಸ ಅಲ್ಲ.

ಅಜ್ಜನ ಹತ್ತಿರವೇ ಒಂದು ಹಗ್ಗ, ಟೈರಿನ ಟ್ಯೂಬು ಇಸಕೊಂಡೆವು. ಹುಡುಗರಿಗೆ ಒಂದು ಪ್ರಮಾಣ ಮಾಡಿಸಿದೆ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರೋ ಹಾಗಿಲ್ಲ. ಹಗ್ಗ ಎಸೆಯಿರಿ, ಟ್ಯೂಬು ಎಸೆಯಿರಿ, ಏನೂ ಇಲ್ಲದಿದ್ದರೆ ಪಂಚೆ ಬಿಚ್ಚಿ ಎಸೆಯಿರಿ. ಗೆಳೆಯನನ್ನು ಉಳಿಸಲು ಹಾರಿದ ಗೆಳೆಯನೂ ಮುಳುಗಿದ ಸುದ್ದಿ ಎಷ್ಟು ಓದಿಲ್ಲ ನಾವು? ಮುಳುಗೋನು ಸಿನಿಮಾದಲ್ಲಿ ಹಾಗೆ ‘ಕಾಪಾಡಿ’ ಅಂತ ಕೂಗೋದಿಲ್ಲ, ಉಸಿರಿಗೇ ಬಾಯಿ ಸಾಲದು. ಸದ್ದಿಲ್ಲದೆ ಹೋಗ್ತಾನೆ. ಅದಕ್ಕೇ ಒಂದು ಜೊತೆ ಕಣ್ಣು ಯಾವಾಗಲೂ ನೀರಿನ ಮೇಲೇ ಇರಬೇಕು.

ಹಿಂದಕ್ಕೆ ನಡೆಯೋ ಕ್ಯಾಮೆರಾ ಹುಡುಗನ ಬೆಲ್ಟು ಹಿಡಿಯಲು ಒಬ್ಬ. ಆ ಒಬ್ಬನ ಬೆನ್ನ ಹಿಂದಿನ ನೆಲ ನೋಡಲು ಇನ್ನೊಬ್ಬ. ಈ ಎರಡನೆಯವನನ್ನು ನಾನೇ ನಿಲ್ಲಿಸಿದೆ. ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ, ನಿಮಗೆ ಗೊತ್ತು.

ಕಾರಿನ ಮೂತಿ ರಸ್ತೆ ಕಡೆ ತಿರುಗಿಸಿ, ಬೀಗದ ಕೈ ಎಲ್ಲರಿಗೂ ಗೊತ್ತಿರೋ ಜಾಗದಲ್ಲಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಮೊದಲೇ ನೋಡಿಕೊಂಡಾಯಿತು. ಆಂಬುಲೆನ್ಸಿಗೆ 108, ಯಾವ ತುರ್ತಿಗಾದರೂ 112. ಹತ್ತಿರದ ಆಸ್ಪತ್ರೆ ಯಾವುದು, ಈ ಜಾಗಕ್ಕೆ ಊರವರು ಏನೆಂದು ಕರೀತಾರೆ, ಎಲ್ಲ ಒಂದು ಚೀಟಿಯಲ್ಲಿ. ಬಿಸಿಲೇರಿದ ಮೇಲೆ ಅರ್ಧ ಗಂಟೆಗೊಮ್ಮೆ ನೆರಳು, ನೀರು, ಮಜ್ಜಿಗೆ.

ಪೆಟ್ಟು ಬಿದ್ದರೆ ಮುಚ್ಚಿಡಬಾರದು ಅನ್ನೋದು ಇನ್ನೊಂದು ಕಟ್ಟಳೆ. 1982ರ ಜುಲೈನಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲೇ ‘ಕೂಲಿ’ ಚಿತ್ರದ ಫೈಟಿಂಗ್‌ನಲ್ಲಿ ಅಮಿತಾಭ್ ಹೊಟ್ಟೆಗೆ ಮೇಜಿನ ಮೂಲೆ ತಗುಲಿತು. ರಕ್ತ ಬರಲಿಲ್ಲ, ಮೊದಮೊದಲು ದೊಡ್ಡದು ಅನ್ನಿಸಲೂ ಇಲ್ಲ. ಒಳಗೆ ಕರುಳಿಗೆ ಪೆಟ್ಟಾಗಿತ್ತು. ಸಾವಿನ ಬಾಗಿಲು ತಟ್ಟಿ ಬಂದರು. ಆ ಏಟಿನ ಜಾಗದಲ್ಲಿ ಚಿತ್ರ ಒಂದು ಕ್ಷಣ ನಿಲ್ಲುತ್ತೆ, ನೋಡಿದವರಿಗೆ ನೆನಪಿರಬಹುದು. ‘ಏನಿಲ್ಲ ಬಿಡೋ’ ಅನ್ನೋ ಗಂಡಸುತನ ಹೊಟ್ಟೆಯ ಏಟಿಗೆ, ತಲೆಯ ಏಟಿಗೆ ಬೇಡ.

ಕೊನೆಗೆ ಉಳಿದದ್ದು ಮುಖ್ಯ ಪ್ರಶ್ನೆ. ಕಟ್ ಹೇಳೋರು ಯಾರು?

“ಡೈರೆಕ್ಟರ್” ಅಂದ ನನ್ನ ಅಳಿಯ. ಊಹುಂ! ಡೈರೆಕ್ಟರ್ ಕಣ್ಣು ಶಾಟಿನ ಮೇಲೆ, ಕ್ಯಾಮೆರಾದವನ ಕಣ್ಣು ಪರದೆಯ ಮೇಲೆ, ಹೀರೋ ಕಣ್ಣು ತನ್ನ ಮೇಲೇ! ಶಾಟಿನಿಂದ ಏನೂ ಲಾಭವಿಲ್ಲದ ಒಬ್ಬರು ಬೇಕು. ಮರದ ಕೆಳಗೆ ಖರ್ಚಿನ ಲೆಕ್ಕ ಬರೀತಾ ಕೂತಿದ್ದ ಒಬ್ಬ ಹುಡುಗಿಯನ್ನು ಕರೆದೆ. ಬೆಳಗಿನಿಂದ ಒಂದು ಮಾತಾಡಿರಲಿಲ್ಲ. ಅವಳ ಕೈಗೆ ಎನ್‌ಸಿಸಿ ಹುಡುಗನೊಬ್ಬನ ಸೀಟಿ ಕೊಟ್ಟೆ. ಹಾಡಿನ ಗಲಾಟೆಯಲ್ಲಿ ಗಂಟಲು ಸೋಲುತ್ತೆ, ಸೀಟಿ ಸೋಲೋದಿಲ್ಲ.

“ನಾನು ಊದಿ, ಆಮೇಲೆ ಏನೂ ಆಗಿಲ್ಲ ಅಂದ್ರೆ ಸಾರ್?” ಅಂದಳು.

ಅದೇ ಭಯ! ನನ್ನ ಬಾಯಿ ಕಟ್ಟಿದ್ದು ಅದೇ ಭಯ. ಹುಡುಗರಿಗೆ ಹೇಳಿದೆ: “ಕಂಡಕ್ಟರ್ ಸೀಟಿ ಊದಿದರೆ ಡ್ರೈವರ್ ಯಾಕೆ ಅಂತ ಕೇಳ್ತಾನಾ? ಮೊದಲು ಬ್ರೇಕ್, ಆಮೇಲೆ ಮಾತು. ಇವಳು ಊದಿದರೆ ಎಲ್ಲರೂ ನಿಲ್ಲಬೇಕು. ಏನೂ ಆಗಿಲ್ಲದಿದ್ದರೆ ಇವಳಿಗೆ ಒಂದು ಥ್ಯಾಂಕ್ಸ್ ಹೇಳಿ ಮತ್ತೆ ಶುರು ಮಾಡಬೇಕು. ಬೈದವನು ಎಲ್ಲರಿಗೂ ಊಟ ಕೊಡಿಸಬೇಕು!”

ಆ ಹುಡುಗಿ ಏನು ಮಾಡಿದಳು ಗೊತ್ತಾ? ನೀರಂಚಿಗೆ ಒಂದು ಕಡ್ಡಿ ನೆಟ್ಟು, ನೀರಿನ ಮಟ್ಟಕ್ಕೆ ಸರಿಯಾಗಿ ಕೆಂಪು ದಾರ ಕಟ್ಟಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಹನ್ನೊಂದು ಗಂಟೆ. ಚರಣದ ಕೊನೆಯ ಸಾಲು, ಎಲ್ಲಕ್ಕಿಂತ ಚೆಂದದ ಶಾಟು. ಹೀರೋ ಪಾದ ನೀರಿನಲ್ಲಿ, ಬಿಸಿಲು ಸರಿಯಾಗಿ ಕೆನ್ನೆಗೆ. ಟೇಕ್ ಮೂರು. ಅರ್ಧ ಸಾಲು ಆಗಿತ್ತು... ಪೀಂ! ಸೀಟಿ.

ನನ್ನ ಅಳಿಯನ ಕೈ ಗಾಳಿಯಲ್ಲೇ ನಿಂತಿತು. ಬಾಯಿ ತೆರೆದ, ನನ್ನ ಮುಖ ನೋಡಿದ, ಮುಚ್ಚಿದ. ಎಲ್ಲರೂ ದಡಕ್ಕೆ ಬಂದರು. ಹುಡುಗಿ ಬೆರಳು ತೋರಿಸಿದಳು. ಕೆಂಪು ದಾರ ಕಾಣಿಸುತ್ತಿರಲಿಲ್ಲ. ನೀರು ನಾಲ್ಕು ಬೆರಳು ಏರಿತ್ತು, ಸದ್ದೇ ಇಲ್ಲದೆ. ಇಪ್ಪತ್ತು ನಿಮಿಷ ಕಳೆಯೋದರೊಳಗೆ ಹೀರೋ ನಿಂತ ಬಂಡೆಯೇ ಮುಳುಗಿತು. ಬೆಳಿಗ್ಗೆ ಬೂಟು ಹಾಕಿ ನಡೆಯಬೇಕೆಂದಿದ್ದ ಕಟ್ಟೆಯ ಮೇಲೆ ನೊರೆ ಹಾರುತ್ತಿತ್ತು. ಯಾರೂ ಮಾತಾಡಲಿಲ್ಲ. ಬಲೆ ಹೊಲೀತಿದ್ದ ಅಜ್ಜ ಎದ್ದು ಹರಿಗೋಲನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ, ಅಷ್ಟೆ.

ಆ ಶಾಟ್ ಸಿಗಲಿಲ್ಲ. ಅದರ ಬದಲು ಸಂಜೆ ಹಾಸ್ಟೆಲ್ ಟೆರೇಸಿನಲ್ಲಿ ಹೀರೋನ ಕಣ್ಣುಗಳನ್ನು ಹತ್ತಿರದಿಂದ ತೆಗೆದು ಜೋಡಿಸಿದರು. ಕಾಲೇಜು ಹಬ್ಬದಲ್ಲಿ ಹಾಡು ಓಡಿತು, ಸೀಟಿಯೋ ಸೀಟಿ! ‘ಅಲ್ಲೊಂದು ಶಾಟ್ ಇಲ್ಲವಲ್ಲ’ ಅಂತ ಒಬ್ಬನೂ ಕೇಳಲಿಲ್ಲ.

ಇನ್ನೊಂದೇ ಮಾತು. ಶೂಟಿಂಗ್ ಪ್ಯಾಕಪ್ ಆದ ಕೂಡಲೇ ಮುಗಿಯೋದಿಲ್ಲ, ಎಲ್ಲರೂ ಮನೆ ಸೇರಿದ ಮೇಲೆ ಮುಗಿಯುತ್ತೆ. ನಮ್ಮ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಹೋದದ್ದು ಕ್ಯಾಮೆರಾ ಮುಂದೆ ಅಲ್ಲ, ಶೂಟಿಂಗಿಗೆ ಹೋಗೋ ದಾರಿಯಲ್ಲಿ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ವಯಸ್ಸು ಬರೀ ಮೂವತ್ತೈದು. ರಾತ್ರಿಯೆಲ್ಲ ಕುಣಿದು ಬೈಕು ಹತ್ತಬೇಡಿ. ಒಂದು ನಿದ್ದೆ ಮಾಡಿ, ಬೆಳಗಿನ ಬಸ್ಸಿಗೆ ಬನ್ನಿ.

ಬಸ್ಸು ಅಂದೆನಲ್ಲ... ಈ ಪತ್ರಿಕೆ ನನ್ನ ರೂಮ್‌ಮೇಟ್‌ನ ಊರಿನ ಬಸ್ ಸ್ಟ್ಯಾಂಡಿಗೂ ಹೋಗುತ್ತೆ. ಅವನು ಪ್ರತಿ ವಾರ ತಪ್ಪದೆ ಓದುತ್ತಾನೆ, ಅಂಗಡಿಯಲ್ಲಿ ಹಳೇ ಸಂಚಿಕೆಗಳ ಕಟ್ಟೇ ಇದೆ. ಈ ವಾರದ್ದನ್ನೂ ಓದುತ್ತಾನೆ. ಹೌದು ಕಣಯ್ಯಾ, ನಾನು ನೋಡಿದ್ದೆ. ಬರುವ ಭಾನುವಾರ ನಿನ್ನ ಅಂಗಡಿಗೆ ಬರುತ್ತೇನೆ. ಟೀ ಕೊಡ್ತೀಯೋ, ಸ್ಪ್ಯಾನರ್ ಎಸೀತೀಯೋ, ನಿನಗೆ ಬಿಟ್ಟದ್ದು.

ಅಗೋ, ನಿಮ್ಮ ಕಂಡಕ್ಟರ್ ಸೀಟಿ ಊದಿದರು. ಹತ್ತಿಕೊಳ್ಳಿ, ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ. ಮುಂದಿನ ವಾರ ಸಿಗೋಣ!